ವಾಲ್ದೆಸೆರ್ನಾದ ಪದವಿಯೂ ಡೋನ್ಯಾ ಕಾಸಿಲ್ದಾ ಅವರೂ

ಸ್ಪೇನಿನ ಕುಲೀನ ಪದವಿಗಳ ಚರಿತ್ರೆಯನ್ನು ಬಲ್ಲ ವಿದ್ವಾಂಸರು ಹಲವರಿದ್ದಾರೆ; ಆದರೆ ಒಂದು ಪದವಿ ಯಾರಿಂದ ಯಾರಿಗೆ, ಯಾವ ಜಗಳ ದಾಟಿ ಇಳಿದುಬಂತೆಂಬುದನ್ನು ಅಜ್ಜಿ ಕಥೆ ಹೇಳಿದಷ್ಟು ಸಲೀಸಾಗಿ ಹೇಳಬಲ್ಲವರು ಡೋನ್ಯಾ ಕಾಸಿಲ್ದಾ ಬೆರ್ರುಯೇಸೊ ಒಬ್ಬರೇ. ಪ್ಲಾಸೆನ್ಸಿಯಾದ ನಮ್ಮ ವಂಶಾವಳಿ ದಫ್ತರಖಾನೆಯಲ್ಲಿ ಮೂವತ್ತೇಳು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಅವರು, ಕಲಿಯಲು ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮೊದಲ ಪಾಠವೇ ಇದು: "ರಾಜಮುದ್ರೆ ಪತ್ರ ತಿಂಗಳುಗಟ್ಟಲೆ ಆದ್ಮೇಲೆ ಬರುತ್ತೆ. ಪದವಿ ಮಾತ್ರ ಹಿಂದಿನವರ ಕೊನೆ ಉಸಿರು ಹೋದ ಗಳಿಗೇನೇ ಮುಂದಿನವರಿಗೆ ಬಂದಿರುತ್ತೆ."

ಈ ಅಭಿನಂದನಾ ಸಂಪುಟದ ಮಾತು ಬಂದಾಗ ಅವರು ಒಂದೇ ಷರತ್ತು ಹಾಕಿದರು: "ನನ್ನ ಹೊಗಳಿಕೆ ಸಾಕು. ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಬರೀರಿ. ದುಡಿಸಿದ್ದು ಅದೇ."

ವಾಲ್ದೆಸೆರ್ನಾದ ಮಾರ್ಕೀಸಾ ಎಂಬ ಪದವಿ ಅವರ ಅವಳಿ ಸೋದರಿ ಲೆಯೊಕಾದಿಯಾ ಅವರದು. ಮುಖ ಒಂದೇ, ಮೂಗು ಒಂದೇ. ಆದರೆ ಚರ್ಚಿನ ಮುಂದಿನ ಬೆಂಚು, ಅದರ ಮೇಲಿನ ಕೆಂಪು ಮಖಮಲ್ಲಿನ ದಿಂಬು, ಹಿರಿಯ ಮಗಳೆಂದು ಲೆಯೊಕಾದಿಯಾಗೆ. ಹಿಂದಿನ ಬೆಂಚಿನಲ್ಲಿ ಕುಳಿತ ಕಾಸಿಲ್ದಾ ಪೂಜೆಯುದ್ದಕ್ಕೂ ದೇವರನ್ನಲ್ಲ, ಆ ದಿಂಬನ್ನೇ ನೋಡುತ್ತಿದ್ದರು. ಇಬ್ಬರಿಗೂ ಇಪ್ಪತ್ತೇಳಾಗಿದ್ದಾಗ ತಂದೆ ತೀರಿಕೊಂಡರು. ಪದವಿ ಲೆಯೊಕಾದಿಯಾಗೆ ಹೋಯಿತು. ಮರುವರ್ಷ ಕಾಸಿಲ್ದಾ ದಫ್ತರಖಾನೆ ಸೇರಿದರು. ಎಲ್ಲರೂ ಅದನ್ನು ವಿದ್ಯೆಯ ಹಂಬಲವೆಂದರು.

ದೀಕ್ಷಾಸ್ನಾನದ ದಾಖಲೆಯಲ್ಲಿ ಲೆಯೊಕಾದಿಯಾ ಹೆಸರು ಮೇಲಿತ್ತು, ಕಾಸಿಲ್ದಾ ಅವರದು ಕೆಳಗೆ. ಹಿರಿತನಕ್ಕೆ ಆಧಾರ ಅದೊಂದೇ. ಆದರೆ ಅವಳಿ ಹುಟ್ಟಿದರೆ ಬಡಕಲು ಕೂಸು ಉಳಿಯುತ್ತದೋ ಇಲ್ಲವೋ ಎಂಬ ಭಯಕ್ಕೆ ಸೂಲಗಿತ್ತಿಯೇ ಮನೆಯಲ್ಲಿ ಅದರ ನೆತ್ತಿಗೆ ಮೊದಲು ನೀರು ಹಾಕುವುದು, ಪಾದ್ರಿ ಆಮೇಲೆ ಅದೇ ಸರದಿಯಲ್ಲಿ ಹೆಸರು ಬರೆದುಕೊಳ್ಳುವುದು ಆ ಊರಿನ ವಾಡಿಕೆ. ಲೆಯೊಕಾದಿಯಾ ಬಡಕಲು ಕೂಸು. ಹಾಗಾದರೆ ಆ ಸರದಿ ನೀರು ಬಿದ್ದ ಸರದಿಯೇ ಹೊರತು ಹುಟ್ಟಿದ ಸರದಿಯಲ್ಲ! ಈ ಒಂದು ವಾದಕ್ಕಾಗಿ ಕಾಸಿಲ್ದಾ ನಾನೂರು ವರ್ಷಗಳ ದಾಖಲೆಗಳನ್ನು ಓದಿದರು. ಆ ಓದಿನಿಂದ ಲಾಭವಾದದ್ದು ಬೇರೆಲ್ಲರಿಗೆ. ತಾನು ಕೌಂಟ್ ಪದವಿಯ ವಂಶದವನೆಂದು ನಂಬಿ ಬಂದಿದ್ದ ಒಬ್ಬ ಮುದಿ ಅಂಗಿಗುಂಡಿ ವ್ಯಾಪಾರಿಗಾಗಿ ಅವರು ಮೂರು ವಾರ ಹುಡುಕಿ, ಅವನ ಮುತ್ತಜ್ಜ ಕೌಂಟನ ಹೇಸರಗತ್ತೆ ಕಾಯುತ್ತಿದ್ದವನೆಂಬುದನ್ನು ಕಾಫಿ ಕುಡಿಸಿ, ಕೈ ಹಿಡಿದು ಹೇಳಿದ್ದನ್ನು ಕಂಡವರು ಮರೆತಿಲ್ಲ.

ಕಳೆದ ವರ್ಷ ಕಾಸಿಲ್ದಾ ಪದವಿ ತಮ್ಮದೆಂದು ಸೋದರಿಯ ಮೇಲೆ ದಾವೆ ಹೂಡಿದರು. "ಗೆದ್ದ ಹಾಗೇ," ಎಂದರು ವಕೀಲರು. ವಸಂತದಲ್ಲಿ, ಈ ಅವಳಿಗಳ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ತೆಯೊದೋರಾಳ ಮೊಮ್ಮಗಳು ಅಜ್ಜಿಯ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ದಫ್ತರಖಾನೆಗೆ ಕೊಟ್ಟುಹೋದಳು. ಒಳಗೊಂದು ಹೆರಿಗೆ ಲೆಕ್ಕದ ಪುಸ್ತಕ. 'ಬೆರ್ರುಯೇಸೊ ಮನೆ. ಬಡಕಲು ಕೂಸು ಮಧ್ಯಾಹ್ನ ಮೂರು ಐದಕ್ಕೆ. ದುಂಡನೆಯದು ಮೂರು ಹದಿನಾರಕ್ಕೆ.'

ಓದುವ ಕೋಣೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಕಾಸಿಲ್ದಾ ಪುಸ್ತಕ ಮುಚ್ಚಿ, ಕಿಟಕಿ ತೆರೆದು, ಮತ್ತೆ ಓದಿದರು. ಆಮೇಲೆ ತಮ್ಮ ದುಂಡು ಅಕ್ಷರದಲ್ಲಿ ಅದಕ್ಕೊಂದು ಸಂಖ್ಯೆ ಕೊಟ್ಟು, ಯಾರು ಬೇಕಾದರೂ ಕೇಳಿ ಪಡೆಯುವಂತೆ ದಾಖಲೆಗಳ ಸೂಚಿಗೆ ಸೇರಿಸಿದರು. ನಕಲನ್ನು ತೆಗೆದುಕೊಂಡು ನೇರವಾಗಿ ಸೋದರಿಯ ಮನೆಗೆ ನಡೆದರು.

"ಗೆದ್ದೆ ಅಂತ ಹೇಳೋಕೆ ಬಂದ್ಯೇನೇ?"

"ಸೋತೆ ಅಂತ ಹೇಳೋಕೆ. ತಗೋ, ಓದು."

ಲೆಯೊಕಾದಿಯಾ ಓದಿದರು, ಕೊನೆಯ ಸಾಲನ್ನು ಗಟ್ಟಿಯಾಗಿ: "'ದುಂಡನೆಯದು ತಾಯಿಯ ಎದೆಗೆ ಬಾಯಿ ಹಾಕಿತು. ಬಡಕಲಿಗೆ ಮೇಕೆ ಹಾಲು.' ನೋಡಿದ್ಯಾ? ನಿನಗೆ ಅಮ್ಮ, ನನಗೆ ಮೇಕೆ! ಅರವತ್ತನಾಲ್ಕು ವರ್ಷದಿಂದ ಇದೇ ಉರಿ ನನಗೆ. ಪದವಿ ಇಟ್ಕೊಂಡು ನೆಕ್ಕಲಾ?"

"ದಿಂಬಾದರೂ ಇತ್ತಲ್ಲ ನಿನಗೆ!"

"ಮುಳ್ಳು ಮುಳ್ಳು ಚುಚ್ತಿತ್ತು ಅದು, ಹುಚ್ಚಿ."

ತಟ್ಟೆಯಲ್ಲಿದ್ದ ಗಿಣ್ಣು ಮುಗಿಯುವವರೆಗೂ ಜಗಳ ನಡೆಯಿತಂತೆ. ಮರುದಿನ ಕಾಸಿಲ್ದಾ ದಾವೆ ಹಿಂತೆಗೆದರು.

ಹೊಟ್ಟೆಕಿಚ್ಚು ಮಾತ್ರ ಆರಿಲ್ಲ. ಲೆಯೊಕಾದಿಯಾಗೆ ಮಕ್ಕಳಿಲ್ಲ, ಅವರ ನಂತರ ಪದವಿ ಕಾಸಿಲ್ದಾ ಅವರದೇ. ಲೇಖನದ ಕೊನೆಗೆ ದೀರ್ಘಾಯುಸ್ಸು ಹಾರೈಸುವ ಪದ್ಧತಿಯಿದೆಯೆಂದಾಗ ಅವರು ಕೂಡಲೇ ಹೇಳಿದರು: "ಮೊದಲು ಅವಳಿಗೆ ಹಾರೈಸಿ, ಹಿರಿಯಳಲ್ವಾ. ನನಗೆ ಅವಳಿಗಿಂತ ಹನ್ನೊಂದೇ ನಿಮಿಷ ಜಾಸ್ತಿ ಸಾಕು."

"ಆ ಹನ್ನೊಂದು ನಿಮಿಷದಲ್ಲಿ ಏನು ಮಾಡ್ತೀರಿ?"

"ಮುಂದಿನ ಬೆಂಚಿನಲ್ಲಿ ಕೂತ್ಕೋತೀನಿ. ಚುಚ್ಚುತ್ತೋ ಇಲ್ವೋ ನೋಡ್ಬೇಕು."

ಅವರ ಮಾತಿನಂತೆಯೇ, ಮೊದಲು ಮಾರ್ಕೀಸಾ ಲೆಯೊಕಾದಿಯಾ ಅವರಿಗೆ ಭರ್ತಿ ನೂರು ವರ್ಷ ತುಂಬಲಿ. ಡೋನ್ಯಾ ಕಾಸಿಲ್ದಾ ಅವರಿಗೂ ಅಷ್ಟೇ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಲ್ಲಿಯವರೆಗೂ ದಫ್ತರಖಾನೆಯ ಕಿಟಕಿ ಪಕ್ಕದ ಮೇಜು ಅವರದೇ ಆಗಿರಲಿ. ಇಬ್ಬರದೂ ಸಮನಾದ ಆಯುಸ್ಸಾದರೆ ಸಾಕು, ತಡವಾಗಿ ಹುಟ್ಟಿದ ಆ ಹನ್ನೊಂದು ನಿಮಿಷ ತಾನಾಗಿಯೇ ಅವರ ಪಾಲಿಗೆ ಬರುತ್ತದೆ.