ಮಳೆ ಬರುತ್ತದೆಂದರೂ ಎತ್ತದ ಅರಿಸಿನ

ನಮ್ಮ ಸೋದರತ್ತೆ ಶಿವಮಲ್ಲಮ್ಮನಿಗೆ "ನಿನ್ನ ಕೈಲಿ ಆಗಲ್ಲ" ಎಂದು ಯಾರೂ ಹೇಳಬಾರದು. ಹೇಳಿದರೋ, ಮುಗಿಯಿತು. ಮಾವ ತೀರಿಕೊಂಡ ವರ್ಷ ಅವಳ ಮೈದುನ ನಂಜುಂಡಸ್ವಾಮಿ ಆ ತಪ್ಪನ್ನೇ ಮಾಡಿದ. ಗಡಿಯಾಚೆ ತಮಿಳುನಾಡಿಗೆ ಸೇರಿದ ನಮ್ಮೂರು ತಿಗನಾರೆಯ ಹಿರಿಯರನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು, "ಎಂಗ್ಸು ಒಬ್ಳೇ ಬ್ಯಾಸಾಯ ಮಾಡಕಾದದ? ಒಲ ನಂಗೆ ವಾರಕ್ಕೆ ಕೊಡ್ಲಿ, ಬೆಳೇಲಿ ಪಾಲು ಕೊಡ್ತೀನಿ" ಎಂದ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. "ಒಂದ್ ಬೆಳೆ ನಾನ್ ಮಾಡ್ತೀನಿ. ಮನೆ ತುಂಬಿಸ್ಕಂಡ್ರೆ ಒಲ ನಂದೇ. ಕೆಡಿಸ್ಕಂಡ್ರೆ ನೀನೇ ಉತ್ಕೊಳಪ್ಪ."

ಹಿರಿಯರು ಆಗಲಿ ಎಂದರು. ಅತ್ತೆ ಬೋರಿನ ನೀರು ಕಟ್ಟಿ, ಹಂದಿ ಕಾದು, ಅರಿಸಿನ ಬೆಳೆದಳು. ಕಿತ್ತಳು, ಬೇಯಿಸಿದಳು. ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೋದ ಮೇಲೆ ಊರಾಚೆಯ ಅರೆಯ ಮೇಲೆ ಒಣಹಾಕಿದಳು. ಅರೆ ಎಂದರೆ ಹಾಸುಬಂಡೆ. ಬೆಳಗಿನಿಂದ ಬೈಗಿನವರೆಗೆ ನೆರಳು ಬೀಳದ ಜಾಗ ನಮ್ಮೂರಿನಲ್ಲಿ ಅದೊಂದೇ. ಅದಕ್ಕೊಂದು ಕಟ್ಟಳೆಯೂ ಇದೆ. ಹರಡಿದವರ ಕೊನೆಯ ಗೆಡ್ಡೆ ಬಂಡೆ ಇಳಿಯುವವರೆಗೂ ಜಾಗ ಅವರದು. ಎತ್ತಿದರೆ ಸರದಿ ಮುಂದಿನವರಿಗೆ ಹೋಗುತ್ತದೆ. ಮತ್ತೆ ಹರಡುತ್ತೇನೆ ಎಂದರೆ ಅವರು ಮುಗಿಸುವವರೆಗೂ ಕಾಯಬೇಕು. ಅಷ್ಟರಲ್ಲಿ ಅರ್ಧ ಒಣಗಿದ ಅರಿಸಿನ ಮೂಟೆಯಲ್ಲೇ ಬೂಸ್ಟು ಹಿಡಿದಿರುತ್ತದೆ.

ಅತ್ತೆಯ ನಂತರದ ಸರದಿ ಯಾರದು ಗೊತ್ತಲ್ಲ? ನಂಜುಂಡಸ್ವಾಮಿಯದೇ.

ಒಂದು ಬೆಳಿಗ್ಗೆ ನಾನೂ ಅತ್ತೆಯೂ ಅರಿಸಿನ ಕೈಯಾಡಿಸುತ್ತಿದ್ದೆವು. ಅವನು ಫೋನು ಹಿಡಿದುಕೊಂಡು ಅರೆ ಹತ್ತಿ ಬಂದ. ಮುಖದಲ್ಲಿ ಕರುಣೆ ಸುರಿಯುತ್ತಿತ್ತು.

"ಅತ್ಗೆ, ನೋಡಿ ಇಲ್ಲಿ. ಇವತ್ತು ಬೈಗೆ ಮಳೆ, ನಾಳೀಕೂ ಮಳೆ ಅಂತ ತೋರ್ಸ್ತಾ ಅದ. ಈಗ್ಲೇ ಎತ್ಬುಡಿ. ನಿಮ್ ಒಳ್ಳೇದಕ್ಕೇ ಏಳ್ತೀನಿ."

ನೋಡಿದೆ. ಚಾಮರಾಜನಗರ ಎಂದು ಬರೆದು ಕೆಳಗೆ ಮೋಡ, ಹನಿಗಳ ಚಿತ್ರ. ಗಾಬರಿಯಾಗಿ ಚೀಲಕ್ಕೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು, "ತಡಿ ಲೋಕೇಶ್ವರಿ" ಎಂದಳು. ಅವನಿಗೆ, "ಏಳಿದ್ಯಲ್ಲ, ಸಂತೋಸ, ಓಗಪ್ಪ" ಎಂದಳು ಅಷ್ಟೇ.

ಮಧ್ಯಾಹ್ನ ನೀರಿಗೆ ಹೋದಾಗ ನಂಜುಂಡಸ್ವಾಮಿಯ ಹಿತ್ತಲಿನಲ್ಲಿ ಹೊಗೆ ಕಂಡೆ. ಅರಿಸಿನ ಬೇಯಿಸುವ ಬಾಯ್ಲರ್ ಗಾಡಿ! ಮಳೆ ಬರುತ್ತದೆಂದು ಕರುಣೆ ಸುರಿಸಿದವನು ತನ್ನ ಅರಿಸಿನ ಬೇಯಿಸುತ್ತಿದ್ದಾನೆ! ಅವನ ಹೆಂಡತಿ ಮಂಗಳಗೌರಿಯನ್ನು ಕೇಳಿದೆ. ಪಾಪ, ಅವಳಿಗೆ ಸುಳ್ಳು ಬರುವುದಿಲ್ಲ.

"ಅದು ಅರೆ ಮ್ಯಾಲೆ ಗಡಿ ಆ ಕಡೆ ಟವರ್ ಸಿಕ್ಕಿ ಚಾಮರಾಜನಗರದ್ ತೋರ್ಸ್ತದಂತೆ ಕಣಮ್ಮಿ. ಮನೇಲಿ ನೋಡುದ್ರೆ ಈರೋಡಿಂದು, ಬರೀ ಬಿಸ್ಲು. ನಮ್ ಜಿಲ್ಲೆ ಈರೋಡು, ಅದೇ ನಿಜ ಅಂದ್ರು ನಮ್ಮೋರು."

ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ! ನನಗೆ ಮೈಯೆಲ್ಲ ಉರಿದುಹೋಯಿತು. ಬಿಂದಿಗೆ ಅಲ್ಲೇ ಬಿಟ್ಟು ಅರೆಗೆ ಓಡಿದೆ. "ಅತ್ತೆ, ಸುಳ್ಳು! ತಾನೇ ನಂಬದ ಮಳೆ ತೋರ್ಸಿ ಎದುರುಸ್ತಾವ್ನೆ. ಎತ್ಬ್ಯಾಡ!"

ಅತ್ತೆ ಎಲೆಯಡಿಕೆ ಉಗಿದು ನಕ್ಕಳು. "ಅವ್ನ್ ಸುಳ್ಳಾಡುದ್ರೆ ಮೋಡನೂ ಸುಳ್ಳಾಡ್ತದ? ಈರೋಡು ಘಾಟಿ ಇಳ್ದ್ ಮ್ಯಾಲೆ ಅದ. ನಾವ್ ಬೆಟ್ಟದ್ ಮ್ಯಾಲೆ ಅವಿ. ನಮ್ ಒಲದ್ ಪಟ್ಟಾ ಯಾವ್ ಜಿಲ್ಲೇದು ಅಂತ ಮಳೆ ಕೇಳ್ಕಂಡ್ ಬಂದದಾ? ಬಂದ್ರೂ ಬರ್ಬೋದು, ಬರ್ದೇನೂ ಇರ್ಬೋದು. ಎತ್ತಾದೂ ಇಲ್ಲ, ನೆನ್ಸಾದೂ ಇಲ್ಲ. ಓಗಿ ಟಾರ್ಪಾಲ್ ತಕ್ಕಂಬಾ, ಚಿಕ್ಕಬಸಮ್ಮನ್ನೂ ಕರ್ಕಂಬಾ."

ಕೂಲಿಗೆ ಬರುತ್ತಿದ್ದ ಚಿಕ್ಕಬಸಮ್ಮ ಬಂದಳು. ಬಂಡೆಯ ಎತ್ತರದ ಜಾಗದಲ್ಲಿ ರಾಗಿ ಹುಲ್ಲು ಹಾಸಿ, ಹರಡಿದ್ದನ್ನೆಲ್ಲ ಅದರ ಮೇಲೆ ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಹೇರಿದೆವು. ಸೊಂಟ ಬಿದ್ದುಹೋಯಿತು ನಮ್ಮದು.

ಬಂಡೆ ಖಾಲಿಯಾದದ್ದು ನೋಡಿ ನಂಜುಂಡಸ್ವಾಮಿ ದುಡುದುಡು ಓಡಿಬಂದ. "ರಾಸಿ ಮಾಡುದ್ರೆ ಎತ್ತುದಂಗೇ ಕಣತ್ಗೆ! ಜಾಗ ನಂದು. ನಂದು ಬೆಂದದ."

"ಕೊನೇ ಗೆಡ್ಡೆ ಇಳ್ದದೇನ್ಲಾ?" ಅತ್ತೆ ಕೇಳಿದಳು. "ಇಳ್ದಿಲ್ವಲ್ಲ! ಬೇಕಾದ್ರೆ ಇರೀಕ್ರನ್ನ ಕರಿ."

ಅವನು ಗೊಣಗಿಕೊಂಡು ಇಳಿದು ಹೋದ.

ಹಸು ಕರೆಯುವ ಹೊತ್ತಿಗೆ ತಾಳಮಲೆ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಟಾರ್ಪಾಲು ಪಟಪಟ ಬಡಿಯತೊಡಗಿತು, ಒಂದು ಮೂಲೆಯ ಕಲ್ಲು ಉರುಳಿತು. ಅತ್ತೆ ಏನು ಮಾಡಿದಳು ಗೊತ್ತೇ? ಕೊಡೆ ಬಿಚ್ಚಿಕೊಂಡು ರಾಶಿಯ ಮೇಲೆಯೇ ಹತ್ತಿ ಕೂತಳು!

"ಇಳೀ ಅತ್ತೆ, ಸಿಡ್ಲು ಒಡೀತದ!" ಎಂದು ಅಳುವಂತಾಗಿ ಕೂಗಿದೆ.

"ಒಡೀಲಿ! ಒಲ ಓದ್ಮೇಲೆ ಇದ್ದೇನ್ ಮಾಡಾನ?"

ಮಳೆ ಬಂತು. ಧೋ ಎಂದು ಬಂತು. ಕೊಡೆ ಮಗುಚಿಕೊಂಡು ಹಾರಿಹೋಯಿತು. ನಾನೂ ಚಿಕ್ಕಬಸಮ್ಮನೂ ಟಾರ್ಪಾಲಿನ ಒಂದೊಂದು ಅಂಚಿನ ಮೇಲೆ ಬಿದ್ದುಕೊಂಡೆವು. ಅತ್ತೆ ತೊಯ್ದು ತೊಪ್ಪೆಯಾಗಿ ಬೈಯುತ್ತಲೇ ಇದ್ದಳು. ಮಳೆಯನ್ನೋ, ಮೈದುನನನ್ನೋ, ಸತ್ತ ಮಾವನನ್ನೋ, ಶಿವನಿಗೇ ಗೊತ್ತು. ನಿಂತ ಮೇಲೆ ಟಾರ್ಪಾಲಿನ ಒಳಗೆ ಕೈ ತೂರಿಸಿ ನೋಡಿದಳು. ಹುಲ್ಲಿನ ಅಂಚು ಒದ್ದೆಯಾಗಿತ್ತು, ಅರಿಸಿನ ಬೆಚ್ಚಗಿತ್ತು. ಆಗ ಮಾತ್ರ ಅತ್ತುಬಿಟ್ಟಳು.

ಮಾರನೆಯ ದಿನವೂ ಚಾಮರಾಜನಗರದ ಫೋನು ಹೇಳಿದಂತೆಯೇ ತುಂತುರು ಹಿಡಿಯಿತು. ಆಚೆ ದಿನ ಕಣ್ಣು ಕುಕ್ಕುವ ಬಿಸಿಲು. ನಾವು ರಾಶಿ ಬಿಚ್ಚಿ ಮತ್ತೆ ಹರಡುತ್ತಿದ್ದಾಗ ನಂಜುಂಡಸ್ವಾಮಿ ತಲೆಯ ಮೇಲೆ ಅರಿಸಿನ ತುಂಬಿದ ಮಂಕರಿ ಹೊತ್ತು ಬಂದು ಅರೆಯ ಅಂಚಿನಲ್ಲಿ ನಿಂತ. ಬೇಯಿಸಿದ್ದೆಲ್ಲ ಹಿತ್ತಲಿನಲ್ಲಿ ನೆನೆದು ಲೋಳೆ ಬಿಡುತ್ತಿದೆಯೆಂದು ಊರಿಗೇ ಗೊತ್ತಿತ್ತು.

"ಅತ್ಗೆ," ಎಂದ. "ಒಂದ್ ಮೂಲೆ ಬುಡ್ತೀರಾ? ಇವತ್ ಬುಟ್ರೆ ಕೊಳ್ತೋಯ್ತದ."

ಬಿಡಬೇಡ ಅತ್ತೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅತ್ತೆ ತಲೆ ಎತ್ತದೆ ಕೇಳಿದಳು. "ಪೋನ್ ಏನಂತದಪ್ಪ ಇವತ್ತು?"

"ಬಿಸ್ಲು, ಅತ್ಗೆ."

"ಯಾವೂರ್ದು?"

ಅವನು ನೆಲ ನೋಡಿದ. "ಎಲ್ಡೂ ಅಂಗೇ ಅಂತವೆ."

ಅತ್ತೆ ಎದ್ದಳು. ತನ್ನ ಅರಿಸಿನವನ್ನು ಕಾಲಿನಿಂದ ಒಂದಿಷ್ಟು ಸರಿಸಿ ಮೂಲೆ ತೆರವು ಮಾಡಿದಳು.

"ಮೂಲೆ ತಕ್ಕೊ," ಎಂದಳು. "ಒಲ ಮಾತ್ರ ಇನ್ನ್ ಕೇಳ್ಬ್ಯಾಡ."