ತೂಕ ನೋಡಿ ತಂದ ಗ್ರಾಫಿಕ್ಸ್ ಕಾರ್ಡು

"ಮಗನಿಗಾ ಅತ್ಗೆ?" ಎಂದು ಕೇಳಿದ ಅಂಗಡಿಯವನು, ನಾನು ಗ್ರಾಫಿಕ್ಸ್ ಕಾರ್ಡು ತೋರಿಸಪ್ಪಾ ಅಂದ ಕೂಡಲೇ.

ನನಗೆ ಮಗನಿಲ್ಲ. ಇರುವವಳು ಮಗಳು, ಅವಳಿಗೆ ಕಂಪ್ಯೂಟರ್ ಆಟ ಅಂದರೆ ಆಕಳಿಕೆ ಬರುತ್ತದೆ. ಆಟ ಆಡುವವಳು ನಾನು. ಮಾಡಿಟ್ಟ ಸಾರು ಆರಿ ತಣ್ಣಗಾಗುವವರೆಗೂ ಆಡುವವಳು ನಾನು. "ನನಗೇ" ಅಂದೆ. ಅವನು ನಕ್ಕ. ನನ್ನ ಮುಖ ನೋಡಿ ನಕ್ಕಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನ ಮುಖ ನೋಡಿ ನಕ್ಕ. ನನ್ನ ಗಂಡನೂ ಪಾಪ, ಏನಕ್ಕೆಂದು ಗೊತ್ತಿಲ್ಲದೆ ನಕ್ಕರು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಆ ಅಂಗಡಿ ಇದ್ದದ್ದು ಯಶವಂತಪುರದಲ್ಲಿ. ಅಲ್ಲಿಗೆ ನಾನಾಗಿಯೇ ಹೋದವಳಲ್ಲ. ನಾವಿರುವುದು ಕೊಡಿಗೇಹಳ್ಳಿಯ ಹಳೇ ಊರಿನೊಳಗೆ. ಸಹಕಾರನಗರದಲ್ಲಿ ದೊಡ್ಡ ದೊಡ್ಡ ಅಂಗಡಿಗಳಿವೆ, ಫೋನಿನಲ್ಲಿ ಒಂದು ಬೆರಳು ಒತ್ತಿದರೆ ಮನೆ ಬಾಗಿಲಿಗೇ ತಂದುಕೊಡುವವರಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಏನನ್ನೂ ಹಾಗೆ ಕೊಳ್ಳುವಂತಿಲ್ಲ. ಸಿಮೆಂಟಿನಿಂದ ಹಿಡಿದು ಕಿಟಕಿಯ ಪರದೆಯವರೆಗೆ ಎಲ್ಲವೂ 'ನಮ್ಮೋರ' ಅಂಗಡಿಯಿಂದಲೇ ಬರಬೇಕು. ಇದು ನನ್ನ ಮಾವನವರ ಕಾನೂನು. ಹೊಲವಿದ್ದ ಜಾಗದಲ್ಲೆಲ್ಲ ಬಾಡಿಗೆ ಮನೆ ಕಟ್ಟಿಸಿದ ಮನುಷ್ಯ ಅವರು. ಯಲಹಂಕದಿಂದ ಮತ್ತಿಕೆರೆವರೆಗೆ ಅವರಿಗೆ ಒಬ್ಬರಲ್ಲ ಒಬ್ಬರು ನೆಂಟರು. ಈ ಅಂಗಡಿಯವನು ನನ್ನ ಅತ್ತೆಯ ತಂಗಿಯ ಗಂಡನ ಕಡೆಯವನು. ದೂರದ ಸಂಬಂಧ, ಆದರೂ ಮಾವನನ್ನು ದೊಡ್ಡಪ್ಪ ಅನ್ನುತ್ತಾನೆ, ಹೀಗಾಗಿ ನಾನು ಅತ್ತಿಗೆ.

"ನಮ್ಮೋರ್ ಅಂಗ್ಡಿ ಇರ್‍ಬೇಕಾದ್ರೆ ಕಂಡೋರ್ ಅಂಗ್ಡೀಗೆ ಯಾಕ್ ಓಗ್ಬೇಕು ಕಣಮ್ಮ? ನಾನ್ ಆಗ್ಲೇ ಮಾತ್ ಕೊಟ್ಟಿವ್ನಿ" ಎಂದು ಮಾವ ಹೇಳಿದಾಗ ನಾನು ಎದುರಾಡಲಿಲ್ಲ. ಕಾರ್ಡು ಸರಿಯಿದ್ದರೆ ಯಾರ ಅಂಗಡಿಯಾದರೇನು ಅಂದುಕೊಂಡೆ.

ನನಗೆ ಅದು ಯಾಕೆ ಬೇಕಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ನಾನು ವರ್ಷಗಟ್ಟಲೆ ಜಾಹೀರಾತುಗಳಿಗೆ, ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತದ ತುಣುಕು ಮಾಡಿಕೊಟ್ಟವಳು. ಒಂದೂ ನನ್ನ ಹೆಸರಿನಲ್ಲಿ ಬಂದದ್ದಿಲ್ಲ. ಹೆಸರಿರುವವರು ಬೇರೆ, ಕೂತು ಮಾಡುವವರು ಬೇರೆ, ಆ ಕಡೆ ಅದೇ ರೂಢಿ. ಹಾಗಿರುವಾಗ ಆರ್.ಟಿ. ನಗರದಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಸ್ವಂತವಾಗಿ ಕಂಪ್ಯೂಟರ್ ಆಟ ತಯಾರಿಸುವವಳು. ಸೋಪಿನ ಜಾಹೀರಾತಿನಲ್ಲಿ ನಾನು ಗುನುಗಿದ್ದನ್ನು ಎಲ್ಲೋ ಕೇಳಿ, ಇದು ಯಾರ ಕೆಲಸ ಎಂದು ಅವರಿವರನ್ನು ಕಾಡಿ ನನ್ನ ನಂಬರು ಹುಡುಕಿದ್ದಳು. ಅವಳ ಆಟದಲ್ಲಿ ಗುಂಡಿಲ್ಲ, ಬಾಂಬಿಲ್ಲ. ಬತ್ತಿದ ಕೆರೆಯಲ್ಲಿ ಒಬ್ಬಳೇ ನೀರು ಹುಡುಕುತ್ತ ನಡೆಯುವ ಹೆಂಗಸು, ಅಷ್ಟೇ. ಬಹಳ ಹೊತ್ತು ಮೌನ, ಆ ಮೌನದ ಅಡಿಯಲ್ಲಿ ಒಂದು ಗುನುಗು. "ಸಂಗೀತ ನಿಮ್ದೇ ಅಕ್ಕಾ, ಶುರುವಲ್ಲೇ ನಿಮ್ ಹೆಸ್ರು ಬರುತ್ತೆ. ಮೊದ್ಲು ಒಂದ್ ಸ್ಯಾಂಪಲ್ ಕಳ್ಸಿ" ಅಂದಳು. ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಖುಷಿಗೆ ಅತ್ತೆ, ಅದರಲ್ಲಿ ಮುಚ್ಚುಮರೆಯೇನು.

ನನ್ನ ಕೋಣೆ ಮಹಡಿ ಮೆಟ್ಟಿಲ ಕೆಳಗಿನ ಗೂಡು. ಗೋಡೆಗೆ ಹಳೆಯ ಹಾಸಿಗೆ ಆನಿಸಿ, ಬಾಗಿಲಿಗೆ ರಜಾಯಿ ಇಳಿಬಿಟ್ಟು ಸದ್ದು ಬಾರದಂತೆ ಮಾಡಿಕೊಂಡಿದ್ದೇನೆ. ಕೈ ಚಾಚಿದರೆ ಮೈಕು, ಕಾಲು ಚಾಚಿದರೆ ಕಂಪ್ಯೂಟರಿನ ಡಬ್ಬ. ಈ ಕೆಲಸಕ್ಕೆ ಮೂರು ಮಾನಿಟರ್ ಬೇಕು. ಒಂದರಲ್ಲಿ ಆಟ ಓಡುತ್ತಿರಬೇಕು, ಒಂದರಲ್ಲಿ ನಾನು ಮುದ್ರಿಸಿದ ದನಿಗಳು, ಇನ್ನೊಂದರಲ್ಲಿ ಅವುಗಳ ಏರಿಳಿತ ತಿದ್ದುವ ಗುಂಡಿಗಳು. ಆ ಹೆಂಗಸು ಕೆರೆಯಲ್ಲಿ ನಡೆಯುವುದನ್ನು ನೋಡುತ್ತಲೇ ನಾನು ಮೈಕಿನ ಮುಂದೆ ಗುನುಗಬೇಕು, ಇಲ್ಲದಿದ್ದರೆ ಅವಳ ಹೆಜ್ಜೆಗೂ ನನ್ನ ಉಸಿರಿಗೂ ಹೊಂದುವುದಿಲ್ಲ. ನನ್ನ ಹಳೆಯ ಕಾರ್ಡು ಎರಡು ಪರದೆಗೇ ಏದುಸಿರು ಬಿಡುತ್ತಿತ್ತು.

ಪರದೆಗಳಿಗೆ ಚಿತ್ರ ಕಳಿಸುವ ಭಾಗವೇ ಈ ಗ್ರಾಫಿಕ್ಸ್ ಕಾರ್ಡು. ಸಂಗೀತಕ್ಕೆ ಅದರಿಂದ ಎಳ್ಳಷ್ಟೂ ಸಹಾಯವಿಲ್ಲ. ಆಟ ಓಡಿಸಬೇಕು, ಮೂರು ಪರದೆ ಬೆಳಗಬೇಕು, ಬಾಯಿ ಮುಚ್ಚಿಕೊಂಡಿರಬೇಕು. ನನಗೆ ಬೇಕಾಗಿದ್ದು ಇಷ್ಟೇ. ಇದಕ್ಕಾಗಿ ನಾನು ಎಷ್ಟು ಓದಿದ್ದೆನೆಂದರೆ, ಮೂರು ಪರದೆ ಸಿಕ್ಕಿಸಿದ ಕೂಡಲೇ ಕೆಲವು ಕಾರ್ಡುಗಳು ಕೆಲಸವಿಲ್ಲದಾಗಲೂ ಬಿಸಿಯಾಗಿ ಫ್ಯಾನ್ ತಿರುಗಿಸುತ್ತಲೇ ಇರುತ್ತವೆ ಎಂಬುದೂ ಗೊತ್ತಿತ್ತು. ಕೆಲವು ಆಟ ಜೋರಾದಾಗ ಸೊಳ್ಳೆಯಂತೆ ಕೀಯ್ ಅನ್ನುತ್ತವೆ ಎಂಬುದೂ ಗೊತ್ತಿತ್ತು. ಸದ್ದು ಮಾಡದ, ಸಾಧಾರಣ ಆಟಕ್ಕೆ ಸಾಕಾಗುವ ಒಂದು ಕಾರ್ಡನ್ನು ಆರಿಸಿಕೊಂಡೇ ಹೋಗಿದ್ದೆ. ಅದು ಆ ಅಂಗಡಿಯ ಗಾಜಿನ ಕಪಾಟಿನಲ್ಲೇ ಇತ್ತು!

"ಅದಾ? ಅದು ಡಮ್ಮಿ ಪೀಸ್ ಅತ್ಗೆ" ಎಂದ ಅಂಗಡಿಯವನು. ಆಮೇಲೆ ಗಂಡನ ಕಡೆ ತಿರುಗಿ, "ಅಣ್ಣ, ಮೂರ್ ಮಾನಿಟರ್ ಅಂದ್ರೆ ಇದ್ ತಗೊಳ್ಳಿ, ರಾಕೆಟ್! ಇಲ್ಲ, ಎರಡ್ ಕಾರ್ಡ್ ಹಾಕಿಸ್ಬಿಡಿ. ಒಂದ್ ಗೇಮ್‌ಗೆ, ಒಂದ್ ಮ್ಯೂಸಿಕ್‌ಗೆ" ಎಂದ.

"ಮ್ಯೂಸಿಕ್‌ಗೆ ಕಾರ್ಡ್ ಬೇಡಪ್ಪ. ನಂಗೆ ಸದ್ದಿಲ್ಲದೆ ಇರೋದ್ ಬೇಕು. ಪಕ್ಕದಲ್ಲೇ ಮೈಕ್ ಇರುತ್ತೆ" ಅಂದೆ.

"ಅವ್ರು ಏನ್ ಹೇಳ್ತಿದಾರೆ ಅಂದ್ರೆ ಅಣ್ಣ" ಎಂದು ಅವನು ನನ್ನ ಗಂಡನಿಗೆ ಶುರುಮಾಡಿದ. ನಾನಾಡಿದ ಮಾತನ್ನೇ, ತಪ್ಪುತಪ್ಪಾಗಿ, ನನ್ನ ಎದುರಿಗೇ! ನಾನೇನು ಯಾವುದೋ ಪರದೇಶದ ಭಾಷೆ ಆಡುತ್ತಿದ್ದೆನಾ? ನನ್ನ ಗಂಡ ಸಾಧು ಮನುಷ್ಯ, ಗೋಣು ಆಡಿಸುತ್ತ ನಿಂತಿದ್ದರು. ಪ್ಲಗ್ಗಿಗೂ ಸಾಕೆಟ್ಟಿಗೂ ವ್ಯತ್ಯಾಸ ಕೇಳಿದರೆ ತಡವರಿಸುವವರು ಅವರು.

ಅಷ್ಟರಲ್ಲಿ, ನಮ್ಮ ಜೊತೆಗೇ ಬಂದು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಮಾವ ಎದ್ದು ಬಂದರು. ನಾನು ತೋರಿಸಿದ ಕಾರ್ಡನ್ನು ಒಂದು ಕೈಯಲ್ಲಿ, ಅವನ ರಾಕೆಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಇದ್ರಾಗ್ ಏನೈತೆ? ಒಳ್ಳೆ ಪ್ಲಾಸ್ಟಿಕ್ ಡಬ್ಬಿ ಇದ್ದಂಗದೆ. ಇದ್ ನೋಡು, ಗಟ್ಟಿ ಐತೆ" ಅಂದರು. ಬೋರ್‌ವೆಲ್ ಮೋಟರನ್ನು ಅವರು ಹಾಗೇ ಆರಿಸುತ್ತಿದ್ದದ್ದು. ತೂಕವಿದ್ದರೆ ಒಳಗೆ ತಾಮ್ರ ಜಾಸ್ತಿ, ತಾಮ್ರ ಜಾಸ್ತಿಯಿದ್ದರೆ ಸುಡುವುದಿಲ್ಲ. ಮೋಟರಿಗೆ ಅದು ಸರಿಯಾದ ಲೆಕ್ಕವೇ. ನಾನು, "ಮಾವ, ಇದು ಮೋಟ್ರಲ್ಲ" ಅಂದೆ. "ಎಲ್ಲಾ ಮಿಷಿನ್ನೂ ಒಂದೇಯ ಕಣಮ್ಮ. ಕಟ್ಟಪ್ಪ ಇದನ್ನ" ಅಂದರು. ಕಟ್ಟಿಯೇಬಿಟ್ಟ.

ಆ ಬ್ರಹ್ಮರಾಕ್ಷಸ ಮನೆಗೆ ಬಂತು. ಮೂರು ಫ್ಯಾನು, ಮೈತುಂಬ ಕೆಂಪು ಹಸಿರು ನೀಲಿ ದೀಪ. ಗಣಪತಿ ಕೂರಿಸಿದ ಪೆಂಡಾಲೂ ಅಷ್ಟು ಮಿಣುಕುವುದಿಲ್ಲ. ಅಂಗಡಿಯಿಂದ ಬಂದವನು ಅದನ್ನು ಜೋಡಿಸಿ, ಡಬ್ಬಕ್ಕೆ ಕುಂಕುಮವಿಟ್ಟು, ಊದುಬತ್ತಿಯನ್ನು ಗಾಳಿ ಹೋಗುವ ಜಾಲರಿಗೇ ಸಿಕ್ಕಿಸಿ ಕೈಮುಗಿದು ಹೋದ. ಒಳಗಿನ ಫ್ಯಾನು ಹೊಗೆಯನ್ನೆಲ್ಲ ಎಳೆದುಕೊಂಡಿತು. ಆಮೇಲೆ ನಾನು ಆಟ ಹಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿ, ಮೈಕು ತೆರೆದೆ. ಅಯ್ಯೋ ದೇವರೇ! ಭೋರ್ ಎಂದು ಫ್ಯಾನು, ಅದರ ಮೇಲೆ ಕೀಯ್ ಎಂದು ಸಣ್ಣ ರಾಗ. ಆ ಹೆಂಗಸು ಕೆರೆಯಲ್ಲಿ ತಿರುಗಿದರೆ ಕೀಯ್ ಏರುತ್ತದೆ, ನಿಂತರೆ ಇಳಿಯುತ್ತದೆ. ನನಗಿಂತ ಮೊದಲು ಅದೇ ಹಾಡುತ್ತಿತ್ತು.

ಅಂಗಡಿಯವನಿಗೆ ಫೋನ್ ಮಾಡಿದರೆ, "ಹೊಸಾದಲ್ವಾ ಅತ್ಗೆ, ಪಳಗಿದ್ ಮೇಲೆ ಸರಿಹೋಗುತ್ತೆ" ಎಂದ. ಮತ್ತೆ ಮಾಡಿದೆ. "ನಮಗ್ಯಾರ್‍ಗೂ ಕೇಳ್ಸಲ್ವಲ್ಲ! ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ಈ ಊರಿನಲ್ಲಿ ಈ ಒಂದು ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ರಸ್ತೆ ಅಗೆದು ಹಾಗೇ ಬಿಟ್ಟವನು ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನುತ್ತಾನೆ, ಗೇಟಿಗೆ ಅಡ್ಡ ಕಾರು ನಿಲ್ಲಿಸಿದವನೂ ಅನ್ನುತ್ತಾನೆ. ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾವಾಗಲೂ ನಾವೇ, ಅವರಲ್ಲ. ಮಾವನಿಗೆ ಹೇಳಿದೆ, ಕಾರ್ಡು ವಾಪಸು ಕೊಡೋಣ ಎಂದು. "ನಮ್ಮೋನ್ ಕಣಮ್ಮ. ವಾಪಸ್ ಕೊಟ್ರೆ ಏನನ್ಕಂತಾನೆ? ಒಂದ್ಕಂಡ್ ಓಗ್ಬೇಕು" ಅಂದರು. ನಾನು ಅತ್ತೂ ಹೇಳಿದೆ, ಕೂಗಾಡಿಯೂ ಹೇಳಿದೆ. ಈ ಕೆಲಸ ಹೋದರೆ ಇಂಥದ್ದು ಇನ್ನೊಂದು ನನಗೆ ಬರುವುದಿಲ್ಲ ಎಂದೂ ಹೇಳಿದೆ. ಮಾವನ ಟೀವಿಯ ಸದ್ದು ಸ್ವಲ್ಪ ಹೆಚ್ಚಾಯಿತು.

ಕೊನೆಗೆ ಡಬ್ಬದ ಮೇಲೆ ದಿಂಬು ಹೊರಿಸಿ, ಮೈಕನ್ನು ಎದುರಿನ ಬಚ್ಚಲುಮನೆಗೆ ಒಯ್ದು, ಬಾಗಿಲ ಸಂದಿಯಿಂದ ಪರದೆ ನೋಡುತ್ತ ಗುನುಗಿದೆ. ಕುತ್ತಿಗೆ ಉಳುಕಿತು. ಆ ಸ್ಯಾಂಪಲ್ಲನ್ನೇ ಕಳಿಸಿದೆ. ಹುಡುಗಿ ಫೋನ್ ಮಾಡಿ, "ಚೆನ್ನಾಗಿದೆ ಅಕ್ಕಾ, ಆದ್ರೆ ಹಿಂದೆ ಏನೋ ಕೀಯ್ ಅಂತಿದೆ, ಬಕೆಟ್ ಒಳಗ್ ಹಾಡ್ದಂಗೂ ಇದೆ" ಅಂದಳು. ಸುಳ್ಳಲ್ಲ, ಹಾಗೇ ಇತ್ತು. "ನಾಳೆ ಮಧ್ಯಾಹ್ನದ್ ಒಳ್ಗೆ ಇನ್ನೊಂದ್ ಕಳ್ಸಕ್ಕಾಗುತ್ತಾ? ನಂಗೂ ಜಾಸ್ತಿ ಟೈಮ್ ಇಲ್ಲ" ಅಂದಳು. ಮಾತಿನಲ್ಲಿ ಸಂಕೋಚವಿತ್ತು, ಅದು ಬೈಗುಳಕ್ಕಿಂತ ಚುಚ್ಚಿತು.

ಮಾರನೆಯ ಬೆಳಿಗ್ಗೆ ನಾನೇ ಸ್ಕ್ರೂ ಬಿಚ್ಚಿ ಆ ಕಾರ್ಡನ್ನು ಕಿತ್ತೆ. ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಯಶವಂತಪುರಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಕೌಂಟರಿನ ಮೇಲಿಟ್ಟು, "ಇದ್ ತಗೊಂಡು ನಾನ್ ಅವತ್ತು ಕೇಳಿದ್ದನ್ನ ಕೊಡು" ಅಂದೆ. ಅವನು ನನ್ನ ಜೊತೆ ಮಾತೇ ಆಡಲಿಲ್ಲ. ಮಾವನಿಗೆ ಫೋನ್ ಮಾಡಿದ. ಅವರು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು, ಅಲ್ಲಿಯವರೆಗೂ ನಾನು ಅಲ್ಲೇ ನಿಂತಿದ್ದೆ. ಕೂರಿ ಅನ್ನಲೂ ಇಲ್ಲ ಪುಣ್ಯಾತ್ಮ.

ಮಾವ ಬಂದರು, ಮುಖ ಕೆಂಪಗಿತ್ತು. ನನಗೆ ಬೈಯಲು ಬಂದದ್ದು ಎಂಬುದರಲ್ಲಿ ಅನುಮಾನವಿಲ್ಲ. ಅಷ್ಟರಲ್ಲಿ ಅಂಗಡಿಯವನೇ ಬಾಯಿಬಿಟ್ಟ. "ದೊಡ್ಡಪ್ಪ, ಹೆಂಗಸ್ರಿಗೆ ಇವೆಲ್ಲಾ ಏನ್ ಗೊತ್ತಾಗುತ್ತೆ ಹೇಳಿ. ಏನೋ ಟೈಂಪಾಸ್‌ಗೆ ಹಾಡ್ಕೊಂಡಿರ್‍ತಾರೆ. ಅದಕ್ಕೆ ನೀವು ಇಲ್ಲಿತನಕ ಬರ್‍ಬೇಕಾಯ್ತು."

"ಏನಂದೆ?" ಎಂದರು ಮಾವ. ಬೀದಿಯ ಆಚೆಗೂ ಕೇಳಿಸಿರಬೇಕು. "ನಮ್ಮನೆ ಸೊಸೇನ ನನ್ನ ಎದ್ರಿಗೇ ಅಂತೀಯೇನ್ಲಾ? ಅವ್ಳ್ ಕೇಳಿದ್ದನ್ನ ಕೊಡ್ಲಾ ಮೊದ್ಲು!" ಅವನು ತೆಪ್ಪಗೆ ಗಾಜಿನ ಕಪಾಟು ತೆಗೆದು ಕೊಟ್ಟ. ಇಷ್ಟು ದಿನ ಆಗದೇ ಇದ್ದದ್ದು ಒಂದು ಗದರಿಕೆಗೆ ಆಗಿಹೋಯಿತು. ನನಗೆ ಸಂತೋಷವಾಗಬೇಕಿತ್ತು. ಇನ್ನಷ್ಟು ಸಿಟ್ಟು ಬಂತು. ಸರಿಯಾದ ಕಾರ್ಡು ಸಿಕ್ಕಿದ್ದು ನಾನು ಸರಿಯಾಗಿ ಕೇಳಿದ್ದಕ್ಕಲ್ಲ, ಮಾವನ ಮರ್ಯಾದೆಗೆ.

ಕಾರಿನಲ್ಲಿ ವಾಪಸು ಬರುತ್ತಿದ್ದೆವು. ಮಾವ ಗೆದ್ದವರ ಹಾಗೆ ಕೂತು ಗಾಡಿ ಓಡಿಸುತ್ತಿದ್ದರು. ಮತ್ತಿಕೆರೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ನನ್ನ ಫೋನಿಗೆ ಆ ಹುಡುಗಿಯ ಸಂದೇಶ ಬಂತು. ಕಾಯುವುದಕ್ಕೆ ಆಗಲಿಲ್ಲವಂತೆ, ಬೇರೆಯವರಿಗೆ ಕೊಟ್ಟಳಂತೆ, ತುಂಬಾ ಬೇಜಾರಾಯಿತಂತೆ. ನಾನು ಅದನ್ನು ಗಟ್ಟಿಯಾಗಿ ಓದಿದೆ.

ಮಾವ ಜೇಬಿನಿಂದ ಫೋನು ತೆಗೆದರು. "ಯಾವ ನಗರ ಅಂದೆ? ಆರ್.ಟಿ. ನಗರಾನಾ? ಅಲ್ಲಿ ನಮ್ಮೋರ್ ಅವ್ರೆ ಕಣಮ್ಮ. ಒಂದ್ ಮಾತ್ ಏಳ್ಸಿದ್ರೆ ಆಯ್ತು, ಆ ಉಡ್ಗಿ ಕೊಡ್ದೆ ಎಲ್ಲೋಯ್ತಾಳೆ?"

"ಬೇಡ ಮಾವ" ಅಂದೆ. "ಆ ಹುಡುಗಿಗೆ ನಾನ್ ಯಾರ ಸೊಸೆ ಅಂತ ಗೊತ್ತಿಲ್ಲ. ನಮ್ಮೋಳು ಅಂತ ಅವಳು ಕರೀಲಿಲ್ಲ. ನಾನ್ ಹಾಡಿದ್ದನ್ನ ಕೇಳಿ ಕರೆದ್ಳು. ನನ್ನ ಜೀವಮಾನದಲ್ಲಿ ಹಾಗ್ ಕರೆದೋಳು ಅವಳೊಬ್ಬಳೇ. ಅದನ್ನ ನೀವು ಕಳೆದ್ರಿ ಮಾವ. ಅದನ್ನೂ ಈಗ ನಮ್ಮೋರ ಕೈಲಿ ಕೊಡಿಸ್ಬೇಡಿ."

ಹಸಿರು ದೀಪ ಬಂತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ಮಾವ ಫೋನು ಹಿಡಿದುಕೊಂಡೇ ಕೂತಿದ್ದರು, ಗಾಡಿ ಮುಂದೆ ಹೋಗಲಿಲ್ಲ.