ಪೊಟ್ಟಣದ ಮೂಲೆಯ ಪೆನ್ಸಿಲ್ ಅಂಕಿ

ಚೌಡಾಪುರಕ್ಕೆ ಬೆಳಗಿನ ಮೊದಲ ಬಸ್ಸು ಇನ್ನೂ ಬಂದಿಲ್ಲ. ಚಹಾದಂಗಡಿಯವನು ಒಲೆ ಹಚ್ಚುವ ಹೊತ್ತಿಗಾಗಲೇ ಎದುರಿನ ಕಟ್ಟೆಯ ಮೇಲೆ ದಶರಥ ಅವರು ಗೋಣಿತಟ್ಟು ಹಾಸಿ ಕುಳಿತಿದ್ದಾರೆ. ಮುಂದೆ ಒಂದು ತೂಕದ ಯಂತ್ರ, ಹಳೆಯ ದಿನಪತ್ರಿಕೆಗಳ ರಾಶಿ, ಸುತಳಿಯ ಉಂಡೆ. ಕಿವಿಯ ಮೇಲೆ ಬೆರಳುದ್ದದ ಪೆನ್ಸಿಲ್ ತುಂಡು. ಆಳಂದದ ಕಡೆಯ ಯಾವುದೋ ಅಜ್ಜಿ ಹಳೆಯ ಸೀರೆ ಜೋಡಿಸಿ ಹೊಲಿದ ಕೌದಿಯೊಂದನ್ನು ಮಡಚಿ, ಮೊಣಕಾಲೂರಿ ಒತ್ತಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕುತ್ತಿದ್ದಾರೆ. ಎಪ್ಪತ್ತೊಂದರ ಮೊಣಕಾಲು ಕಟಕಟ ಅನ್ನುತ್ತದೆ, ಅವರು ಕೇಳಿಸಿಕೊಳ್ಳುವುದಿಲ್ಲ.

ಪೊಟ್ಟಣ ಯಂತ್ರದ ಮೇಲೇರುತ್ತದೆ. ಒಂದು ಕಿಲೋ ಒಂಬೈನೂರಾ ಅರವತ್ತು ಗ್ರಾಂ. ಎರಡು ಕಿಲೋ ದಾಟಿದ್ದರೆ ಅಂಚೆಯ ದರ ಒಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು. ಯಾರೋ ಕಾಣದ ಊರಿನ ಗಿರಾಕಿಗೆ ಉಳಿದ ದುಡ್ಡಿಗಾಗಿ ದಶರಥ ತಮ್ಮಷ್ಟಕ್ಕೇ ನಗುತ್ತಾರೆ. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪೊಟ್ಟಣದ ಬಲಮೂಲೆಯಲ್ಲಿ ಅಂಚೆಗೆ ನಿಜವಾಗಿ ಎಷ್ಟು ಬೀಳುತ್ತದೋ ಅಷ್ಟನ್ನು ಬರೆಯುತ್ತಾರೆ. ಕಟ್ಟಿದ ಪೊಟ್ಟಣಕ್ಕೆಲ್ಲ ಹೀಗೆ ಬರೆದೇ ತೀರುತ್ತಾರೆ. ಈ ಅಂಕಿಯೇ ಈಗ ಅವರ ಅನ್ನಕ್ಕೆ ಕುತ್ತು ತಂದಿರುವುದು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಮನೆಗಳ ಅಟ್ಟದ ಮೇಲೆ ಎಷ್ಟೋ ಕಾಲದಿಂದ ಧೂಳು ತಿನ್ನುತ್ತಿದ್ದ ಸಾಮಾನುಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿದೆ. ತಾಮ್ರದ ಕೊಡ, ಕಂದೀಲು, ವಾಲ್ವ್ ರೇಡಿಯೋ, ಕೌದಿ, ಎಲ್ಲದರ ಫೋಟೋ ಮೊಬೈಲಿನ ಹರಾಜಿಗೆ ಹೋಗುತ್ತದೆ. ಹೆಚ್ಚು ಕೂಗಿದವರಿಗೆ ಮಾಲು. ಹರಾಜು ಕೂಗಿದಷ್ಟು ಸುಲಭಕ್ಕೆ ಕೊಡವೊಂದು ಜೇವರ್ಗಿಯಿಂದ ಸಾತಾರಕ್ಕೆ ಜಜ್ಜಿಹೋಗದೆ ತಲುಪುವುದಿಲ್ಲವಲ್ಲ, ಆ ಕೆಲಸ ದಶರಥ ಅವರದು. ಹರಾಜಿಗೆ ಹಾಕುವ ಮೊದಲೇ ಸಾಮಾನು ತೂಗಿ ಅಂಚೆಯ ಖರ್ಚು ಹೇಳುತ್ತಾರೆ, ಮಾರಾಟವಾದ ಮೇಲೆ ಕಟ್ಟಿ ಕಳಿಸುತ್ತಾರೆ. ಪೊಟ್ಟಣಕ್ಕೆ ಹದಿನೈದು ರೂಪಾಯಿ ಕೂಲಿ. ಕಳೆದ ವರ್ಷದವರೆಗೆ ದಿನಕ್ಕೆ ಹನ್ನೆರಡು, ಹದಿನಾಲ್ಕು ಬರುತ್ತಿದ್ದವು. ಈಗ ಐದು ಬಂದರೆ ಹೆಚ್ಚು.

ಹುಟ್ಟಿದ್ದು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ. ಕೂಲಿಯವರ ಓಣಿಯಿಂದ ಏಳನೇ ಇಯತ್ತೆ ಮುಗಿಸಿದ ಮೊದಲ ಹುಡುಗ. ಇಪ್ಪತ್ತೆರಡಕ್ಕೆ ಹಳ್ಳಿ ಅಂಚೆಯ ಬಟವಾಡೆ ಕೆಲಸ ಸಿಕ್ಕಿತು. ನಲವತ್ತಮೂರು ವರ್ಷ ಅದೇ ಸೈಕಲ್, ಅದೇ ಖಾಕಿ ಚೀಲ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡಾಗ ಸೈಕಲ್ಲನ್ನೇ ಹೆಗಲಿಗೇರಿಸಿ ನಡೆದರು. ನಿವೃತ್ತಿಯ ನಂತರ ಮಗಳು ರಾಧಿಕಾಳ ಊರಾದ ಚೌಡಾಪುರಕ್ಕೆ ಬಂದು ನೆಲೆಸಿದ್ದಾರೆ. "ಇಲಾಖೆ ಇವರಿಗೆ ಪೆನ್ಶನ್ ಕೊಡ್ಲಿಲ್ರಿ, ಹುಚ್ಚ ಕೊಟ್ಟ ಕಳಿಸ್ಯಾದ" ಎಂದು ಹೆಂಡತಿ ರಮಾಬಾಯಿ ಬಂದವರ ಎದುರೇ ಕಾಲೆಳೆಯುತ್ತಾರೆ. "ಮನ್ಯಾಗ ಬದನಿಕಾಯಿ ತಂದ್ರೂ ಮೊದಲ ತೂಗ್ತಾರ."

ಹಳೆಯ ಮಾತು ಬಂದರೆ ದಶರಥ ಅವರ ಕೈ ತಾನಾಗಿ ನಿಲ್ಲುತ್ತದೆ. "ಆಗ ಕಾಗದ ಬಂತಂದ್ರ ಇಡೀ ಓಣಿ ಬೇವಿನಗಿಡದ ಬುಡಕ್ಕ ಕೂಡ್ತಿತ್ರಿ. ನಾ ಓದ್ತಿದ್ದೆ, ಅವರು ಅಳ್ತಿದ್ರು, ನಗ್ತಿದ್ರು. ಜವಾಬನೂ ನಾನೇ ಬರೀತಿದ್ದೆ. ಒಬ್ಬಾಕಿ ಮುಂಬೈದಾಗಿನ ಗಂಡಗ ಬೈಗಳ ಬರಸ್ತಿದ್ಳು, ನಾ ಜರಾ ಮೆತ್ತಗ ಮಾಡಿ ಬರೀತಿದ್ದೆ. ಈಗ ಪಾರ್ಸಲ್ ಬಂದ್ರ ಮಂದಿ ಕತ್ರಿ ಹುಡುಕ್ತಾರ, ತಂದವನ ಮಾರಿ ನೋಡಂಗಿಲ್ಲ." ಆ ಕಾಲ ಹೋಯಿತೆಂಬ ಸಂಕಟವನ್ನು ಅವರು ಮುಚ್ಚಿಡುವುದಿಲ್ಲ.

ಹೊಸ ಕೆಲಸದಲ್ಲೂ ಅವರು ಮೊದಮೊದಲು ಎಡವಿದ್ದಾರೆ. ಈ ಸೀಮೆಯ ಹೆಂಗಸರು ಪಾತ್ರೆಯನ್ನು ಬರಿದಾಗಿ ಇನ್ನೊಬ್ಬರ ಮನೆಗೆ ಕಳಿಸುವವರಲ್ಲ. ಇವರು ತೂಗಿ ಖರ್ಚು ಹೇಳಿ ಹೋದ ಮೇಲೆ, ಮಾರಾಟವಾದ ಹಿತ್ತಾಳೆ ಚರಿಗೆಯಲ್ಲಿ ಒಬ್ಬಾಕೆ ಬೊಗಸೆ ಜೋಳ ಸುರಿದು ಬಟ್ಟೆ ಕಟ್ಟಿ ಕೊಟ್ಟಿದ್ದಳು. ಅಂಚೆ ಕಚೇರಿಯಲ್ಲಿ ತೂಕ ಮೆಟ್ಟಿಲು ದಾಟಿತು, ಹೆಚ್ಚಿನ ದುಡ್ಡು ದಶರಥ ಅವರ ಕಿಸೆಯಿಂದಲೇ ಹೋಯಿತು. "ಜ್ವಾಳ ಬೇಕಂತ ಗಿರಾಕಿ ಕೇಳಿದ್ನೇನ್ರಿ? ಅವನ ಮ್ಯಾಲ ಹ್ಯಾಂಗ ಹಾಕ್ಲಿ? ಹಂಗಂತ ಆ ತಾಯಿಗೆ ಖಾಲಿ ಕಳಸು ಅನ್ನಾಕ ನನಗ ಬಾಯಿ ಬರ್ಲಿಲ್ಲ." ಕೊನೆಗೆ ಎಲ್ಲರ ಜೊತೆ ಒಂದು ಒಪ್ಪಂದವಾಗಿದೆ. ಐದೇ ಕಾಳು. ಮನೆತನದ ಮರ್ಯಾದೆಯೂ ಉಳಿಯುತ್ತದೆ, ತೂಕವೂ ಏರುವುದಿಲ್ಲ.

ಗಿರಾಕಿಯ ಮೇಲೆ ಒಂದು ರೂಪಾಯಿ ಹೆಚ್ಚು ಹಾಕಲು ಇವರಿಗೇಕೆ ಇಷ್ಟು ಅಳುಕು ಎಂದು ಕೇಳಿದರೆ, ಸುತಳಿಯ ಗಂಟು ಬಿಚ್ಚುತ್ತ ಮಲ್ಕಮ್ಮನ ಹೆಸರು ಹೇಳುತ್ತಾರೆ.

ಅದು ೧೯೮೧. ಮಲ್ಕಮ್ಮ ಇವರದೇ ಓಣಿಯ ಕೂಲಿ ಹೆಂಗಸು. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿದ್ದ ಅವಳ ತಮ್ಮ ಒಂದು ಕಾಗದ ಹಾಕಿದ್ದ, ಸ್ಟಾಂಪು ಹಚ್ಚಿರಲಿಲ್ಲ. ಅಂಥದ್ದಕ್ಕೆ ಬೇರಿಂಗ್ ಎನ್ನುತ್ತಿದ್ದರು. ಪಡೆಯುವವರು ಎರಡು ಪಟ್ಟು ತೆತ್ತು ಬಿಡಿಸಿಕೊಳ್ಳಬೇಕು. ಮೂವತ್ತೈದು ಪೈಸೆಯ ಜಾಗದಲ್ಲಿ ಎಪ್ಪತ್ತು ಪೈಸೆ. ಮಲ್ಕಮ್ಮನ ಕೂಲಿಗೆ ಇನ್ನೂ ಮೂರು ದಿನವಿತ್ತು.

"ಶನಿವಾರ ಕೊಡ್ತೀನಿ ಯಪ್ಪಾ, ಓದಿ ಹೇಳು ಅಂದ್ಳ್ರಿ. ಕಾಯದೆ ಇಲ್ಲ ಅಂದೆ. ಹರೇದ ವಯಸ್ಸು, ನೌಕರಿ ಸೊಕ್ಕಿತ್ತು. ನನ್ನ ಕಿಸೇದಾಗ ಒಂದೂವರಿ ರೂಪಾಯಿ ಇತ್ತು, ಇದ್ದದ್ದು ಇವತ್ತಿಗೂ ನೆನಪದ. ಕಾಗದ ವಾಪಸ್ ಹೋತು. ಆ ತಮ್ಮ ಮತ್ತ ಎಂದೂ ಬರೀಲಿಲ್ಲ, ಬರಲೂ ಇಲ್ಲ. ಅಕ್ಕ ನನ್ನ ಕಾಗದ ಒಲ್ಲೆ ಅಂದ್ಳು ಅಂತ ತಿಳಕೊಂಡಿರ್ಬೇಕು."

ಮಲ್ಕಮ್ಮ ಸಾಯುವವರೆಗೂ, ಇವರು ಸೈಕಲ್ ಮೇಲೆ ಹಾಯ್ದಾಗೆಲ್ಲ, ಕಾಗದ ಅದ ಏನಪಾ ಎಂದು ಕೇಳುತ್ತಿದ್ದಳಂತೆ. ಬೈಯಲಿಲ್ಲ, ಶಪಿಸಲಿಲ್ಲ, ಬರೀ ಕೇಳುತ್ತಿದ್ದಳು. ಅಂಚೆಯ ಹೆಸರಿನಲ್ಲಿ ಹೆಚ್ಚು ಕೇಳುವ ದುಡ್ಡು ಯಾರ ಕೈಗೆ ಎಟುಕದೋ ಗೊತ್ತಾಗುವುದಿಲ್ಲ ಎಂಬುದು ಅಂದಿನಿಂದ ಇವರ ಎದೆಯಲ್ಲಿ ಕೂತುಬಿಟ್ಟಿದೆ.

ಹರಾಜಿನ ಖಾತೆ ನಡೆಸುವುದು ಅಫಜಲಪುರದಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟಿರುವ ಏಜಾಜ. ಕೆಟ್ಟವನಲ್ಲ, ನಾಲ್ಕು ಮಕ್ಕಳ ತಂದೆ, ಹಳ್ಳಿಯ ಹೆಂಗಸರಿಗೆ ಹೇಳಿದ ದಿನಕ್ಕೆ ಹಣ ಮುಟ್ಟಿಸುವವನು. ಆದರೆ ಕಳೆದ ಚಳಿಗಾಲದಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಹರಾಜು ನಡೆಸುವ ತಾಣ ಮಾಲಿನ ಬೆಲೆಯ ಮೇಲೆ ದಲಾಲಿ ಕತ್ತರಿಸುತ್ತದೆ, ಅಂಚೆಯ ಖರ್ಚಿನ ಮೇಲೆ ಇಲ್ಲ. ಹಾಗಾದರೆ ಹರಾಜಿನ ಆರಂಭದ ಬೆಲೆ ಕಡಿಮೆ ಇಟ್ಟು ಅಂಚೆಯ ಖರ್ಚು ದುಪ್ಪಟ್ಟು ಬರೆದರಾಯಿತು, ಹೆಚ್ಚಿನದು ದಲಾಲಿಯಿಲ್ಲದೆ ಕಿಸೆಗೆ ಬರುತ್ತದೆ. ದಶರಥ ಅವರ ಪೆನ್ಸಿಲ್ಲೊಂದು ಮಾತ್ರ ಅಡ್ಡ ನಿಂತಿತು. ಅದನ್ನು ಬರೆಯಬೇಡಿ ಎಂದು ಏಜಾಜ ನಯವಾಗಿ ಹೇಳಿದ, ಕೈಮುಗಿದು ಹೇಳಿದ, ಕೂಲಿ ಇಪ್ಪತ್ತೈದು ಮಾಡುತ್ತೇನೆಂದೂ ಹೇಳಿದ.

"ಚಾಚಾ, ಗಿರಾಕಿ ಒಪ್ಪಿ ಕೊಡ್ತಾನ, ನಿಮಗ್ಯಾಕ ತಕಲೀಫು?"

"ಒಪ್ಪಿದ್ದು ಅಂಚೆ ಖರ್ಚಂತ ಏಜಾಜ, ನಿನ್ನ ಖರ್ಚಂತ ಅಲ್ಲ."

ಆ ದಿನಗಳಲ್ಲೇ ತುಳಜಾಬಾಯಿಯ ಕೊಡ ಹರಾಜಿಗೆ ಹೋಯಿತು. ಜೇವರ್ಗಿ ತಾಲೂಕಿನ ಒಕ್ಕಲು ಮನೆಯ ತುಳಜಾಬಾಯಿ ಊರಿನ ರವಿಕೆಗಳನ್ನೆಲ್ಲ ಕಾಲಿನಿಂದ ತುಳಿಯುವ ಮಶೀನಿನಲ್ಲಿ ಹೊಲಿಯುತ್ತಾರೆ. ಮೊಣಕಾಲುಗಳು ಸೋತಿವೆ, ಕರೆಂಟಿನ ಮಶೀನು ಬೇಕು. ಇಲ್ಲವಾದರೆ ಹೊಲಿಗೆಯನ್ನೇ ಬಿಡಬೇಕು. ಹಾಗಾಗಿ ತವರಿನಿಂದ ಬಂದ ತಾಮ್ರದ ಕೊಡವನ್ನು ಮಾರಲು ಒಪ್ಪಿದರು. ಸಾತಾರದ ಒಬ್ಬ ಗಿರಾಕಿ ಒಳ್ಳೆಯ ಬೆಲೆಗೇ ಕೂಗಿದ. ಅಂಚೆಯ ಖರ್ಚು ಎಂದು ಏಜಾಜ ಬರೆದದ್ದು ನಾನೂರ ಐವತ್ತು, ನಿಜವಾಗಿ ಬಿದ್ದದ್ದು ಇನ್ನೂರ ಹದಿನಾಲ್ಕು. ದಶರಥ ಮೂಲೆಯಲ್ಲಿ ಇನ್ನೂರ ಹದಿನಾಲ್ಕು ಎಂದೇ ಬರೆದು ಕಳಿಸಿದರು.

ಗಿರಾಕಿಯ ಕಣ್ಣಿಗೆ ಅಂಕಿ ಬಿತ್ತು. ಮೋಸ ಎಂದು ದೂರು ಕೊಟ್ಟ, ಕೊಡವನ್ನು ಹಾಗೆಯೇ ವಾಪಸ್ ಕಳಿಸಿದ. ಏಜಾಜ ಕಟ್ಟೆಯ ಮುಂದೆ ಬಂದು ಕೂಗಾಡಿದ, ತನ್ನ ಅರ್ಧಕ್ಕಿಂತ ಹೆಚ್ಚು ಮಾಲನ್ನು ಆಳಂದದ ಬೇರೊಬ್ಬನ ಕೈಗೆ ಒಪ್ಪಿಸಿದ. ಹೋಗಿ ಬಂದ ಎರಡೂ ಖರ್ಚನ್ನು ತುಳಜಾಬಾಯಿಯ ತಲೆಗೇ ಕಟ್ಟುವುದಾಗಿ ಹೇಳಿದ. ಇಲ್ಲಿ ದಶರಥ ಕಡ್ಡಿ ಮುರಿದಂತೆ ನುಡಿದರು. "ಸುಳ್ಳ ಬರದಾಂವ ನೀನು. ಸುಳ್ಳದ ಅಂತ ಗೊತ್ತಿದ್ದೂ ಕಟ್ಟಿ ಕಳಿಸ್ದಾಂವ ನಾನು. ಅರ್ಧ ಅರ್ಧ ಕೊಡೂಣು. ತುಳಜಾಬಾಯಿ ಕಡಿಂದ ಒಂದ್ ಪೈ ತಗೊಂಡ್ರ ನಾ ಮತ್ತ ನಿನ್ನ ಮಾಲ ಮುಟ್ಟಂಗಿಲ್ಲ." ಏಜಾಜ ಗೊಣಗುತ್ತಲೇ ಅರ್ಧ ಕೊಟ್ಟ.

ಕೊಡ ಹೊತ್ತು ಜೇವರ್ಗಿಯ ಬಸ್ಸಿನಲ್ಲಿ ಹೋದ ದಿನವನ್ನು ಹೇಳುವಾಗ ಅವರ ದನಿ ಇಳಿಯುತ್ತದೆ. ಮತ್ತೊಬ್ಬ ಬಡವಿಯ ಬಾಗಿಲಿಗೆ ಮತ್ತೊಮ್ಮೆ ಕೇಡು ತಂದೆನಲ್ಲ ಎಂದು ದಾರಿಯುದ್ದಕ್ಕೂ ಎದೆ ಚುಚ್ಚಿತಂತೆ. ತುಳಜಾಬಾಯಿ ಹೊಲಿಯುತ್ತ ಕುಳಿತಿದ್ದರು. ಕೊಡ ನೋಡಿದ್ದೇ ಕಾಲು ನಿಲ್ಲಿಸಿದರು.

"ಇದ್ಯಾಕ ವಾಪಸ್ ಬಂತ್ರಿ ಟಪಾಲ ಕಾಕಾ? ತೂತ ಬಿದ್ದಿತ್ತೇನು?"

"ಕೊಡದಾಗ ತಪ್ಪಿಲ್ಲವ್ವಾ, ತಪ್ಪ ನಮ್ಮ ಕಡಿದು" ಎಂದು ದಶರಥ ಎಲ್ಲವನ್ನೂ ಬಿಡಿಸಿ ಹೇಳಿದರು. ತುಳಜಾಬಾಯಿಗೆ ಮೊದಲು ಸಿಟ್ಟು ಬಂದದ್ದು ಇವರ ಮೇಲೆಯೇ. "ನೀವರ ಸುಮ್ನ ಇದ್ದಿದ್ರ ನನಗ ಮಶೀನ್ ಬರ್ತಿತ್ತಲ್ರಿ!" ಎಂದರು. ಇವರು ತಲೆ ತಗ್ಗಿಸಿ ನಿಂತರು. ಪೆನ್ಸಿಲಿನಲ್ಲಿ ಅಂಕಿ ಬರೆದು ತಾವು ಕೈ ತೊಳೆದುಕೊಂಡದ್ದು, ಈಕೆಗೆ ಮೊದಲೇ ಒಂದು ಮಾತು ಹೇಳದೆ ಹೋದದ್ದು, ಎರಡೂ ಆಗ ಅರಿವಿಗೆ ಬಂದವು. ತುಳಜಾಬಾಯಿ ಎದ್ದು ಬಂದು ಕೊಡದ ಮೇಲೆ ಕೈ ಇಟ್ಟರು.

"ನನ್ನ ತವರಮನಿ ಕೊಡ ತೋರ್ಸಿ ಯಾರದೋ ರೊಕ್ಕ ಕಿತ್ತಂಗಾತಲ್ರಿ. ಅಂಥಾ ಮಶೀನ್ ಮ್ಯಾಲ ನಾ ಹ್ಯಾಂಗ ಕುಂದರ್ಲಿ? ಖರೆ ವಜನಕ್ಕ ಖರೆ ರೊಕ್ಕ ಹೇಳಿ ಆ ಸಾತಾರದವರಿಗೇ ಮತ್ತೊಮ್ಮಿ ಕೇಳ್ರಿ. ಒಲ್ಲೆ ಅಂದ್ರ ಮನ್ಯಾಗ ಇರ್ಲಿ ಬಿಡ್ರಿ."

ಊರಿಗೆ ಮರಳಿದ ದಶರಥ ಒಂದು ಇನ್‌ಲ್ಯಾಂಡ್ ಕಾಗದ ಕೊಂಡರು. ಎಷ್ಟೋ ವರ್ಷಗಳ ಮೇಲೆ ಕಾಗದ ಬರೆಯಲು ಕುಳಿತರು. ಗಡಿಸೀಮೆಯ ಹರಕುಮುರುಕು ಮರಾಠಿಯಲ್ಲಿ ತೂಕ ಇಷ್ಟು, ಅಂಚೆಗೆ ಇಷ್ಟು, ಹಿಂದೆ ಬರೆದದ್ದು ತಪ್ಪು, ಕೊಡ ಮಾರಿದಾಕೆಗೆ ಅದು ಗೊತ್ತಿರಲಿಲ್ಲ, ಮತ್ತೆ ಕಳಿಸಿದ ಮೇಲೂ ಮನಸ್ಸಿಗೆ ಬಾರದಿದ್ದರೆ ವಾಪಸಿನ ಖರ್ಚು ನಮ್ಮದು ಎಂದು ಬರೆದು, ಅಡಿಯಲ್ಲಿ ಹೆಸರು ಮತ್ತು ರಾಧಿಕಾಳ ಮೊಬೈಲ್ ನಂಬರು ಹಾಕಿದರು. ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನ ಫೋನು ಬಂತು. ಸಾತಾರದ ಮನುಷ್ಯ ಮೊದಲು ಕೊಡದ ಸುದ್ದಿಯನ್ನೇ ಎತ್ತಲಿಲ್ಲ. ತನ್ನ ಹೆಸರಿಗೆ ಕೈಬರಹದ ಕಾಗದ ಬಂದು ಇಪ್ಪತ್ತು ವರ್ಷವಾಗಿತ್ತು, ಮನೆಮಂದಿಯೆಲ್ಲ ಕೂತು ಓದಿದೆವು ಎಂದ. ಇದನ್ನು ಹೇಳುವಾಗ ದಶರಥ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಕಳಿಸಿರಿ ಎಂದು ಆತ ಹೇಳಿದ್ದು ಆಮೇಲೆ.

ಹಾಗಾಗಿ ಇಂದು ಬಿಸಿಲೇರುವ ಹೊತ್ತಿಗೆ ಜೇವರ್ಗಿ ಬಸ್ಸಿನಿಂದ ತುಳಜಾಬಾಯಿ ಕೊಡ ಹೊತ್ತು ಇಳಿಯುತ್ತಾರೆ. ಈ ಸಲ ತೂಗುವುದನ್ನು ಕಣ್ಣಾರೆ ನೋಡಬೇಕಂತೆ. ದಶರಥ ಕೊಡದ ಕಂಠಕ್ಕೆ ಬಟ್ಟೆ ಸುತ್ತುತ್ತಾರೆ, ಹೊಟ್ಟೆಗೆ ನಾಲ್ಕು ಪದರ ಕಾಗದ, ಮೇಲೆ ರಟ್ಟು, ಅದರ ಮೇಲೆ ಗೋಣಿ. ಅವಸರವಿಲ್ಲ. ಯಂತ್ರದಲ್ಲಿ ತೂಕದ ಅಂಕಿ ನಿಂತದ್ದೇ ಅಂಚೆಗೆ ಬೀಳುವ ದುಡ್ಡಿನ ಲೆಕ್ಕ ಹಾಕುತ್ತಾರೆ. ಇನ್ನೂರ ಹದಿನಾಲ್ಕೇ. ದಶರಥ ಮೂಲೆಯಲ್ಲಿ ಬರೆದು, ಬರೆದದ್ದನ್ನು ತುಳಜಾಬಾಯಿಗೆ ತೋರಿಸುತ್ತಾರೆ.

ಏಜಾಜ ಇನ್ನೂ ಪೂರ್ತಿ ಒಲಿದಿಲ್ಲ. ಈ ಕೊಡಕ್ಕೆ ನಿಜವಾದ ಖರ್ಚು ಹಾಕಲು ಒಪ್ಪಿದ್ದಾನೆ, ದುಪ್ಪಟ್ಟು ಬರೆದವು ಈಗಲೂ ಆಳಂದಕ್ಕೇ ಹೋಗುತ್ತಿವೆ. ಆ ಬಗ್ಗೆ ಕೇಳಿದರೆ ದಶರಥ ಭುಜ ಕುಣಿಸುತ್ತಾರೆ. "ಐದ ಪಾರ್ಸಲ್‌ನ್ಯಾಗೂ ಹೊಟ್ಟಿ ತುಂಬ್ತದ್ರಿ. ಜರಾ ಲಗೂ ಹಸಿವಾಗ್ತದ, ಅಷ್ಟ."

ಪೊಟ್ಟಣವನ್ನು ಹೆಗಲಿಗೇರಿಸಿ ಅವರು ಅಂಚೆ ಕಚೇರಿಯತ್ತ ಹೊರಡುತ್ತಾರೆ. ತುಳಜಾಬಾಯಿ ಹತ್ತು ಹೆಜ್ಜೆ ಜೊತೆಗೆ ಹೋಗಿ, ತಡೆಯಲಾರದೆ ಕೇಳಿಯೇ ಬಿಡುತ್ತಾರೆ. "ಕಾಕಾ, ಈ ಸಲನೂ ಒಲ್ಲೆ ಅಂತ ತಿರುಗಿ ಕಳಿಸಿದ್ರ?"

ದಶರಥ ನಿಲ್ಲುತ್ತಾರೆ.

"ತಿರುಗಿ ಬಂದ್ರ ನಾನ ಹೊತಗೊಂಡ ನಿಮ್ಮ ಮನಿತನಕ ಬರ್ತೇನಿ ತಂಗಿ. ಆದ್ರ ಈ ಸಲ ತಲಿ ಎತ್ತಿ ಬರ್ತೇನಿ."